ಕೊಟ್ಟಿಗೆಗೆ ಬರುವ ಸೀಸೆಯ ಹಿಂದುಮುಂದು



ಮಳೆಗಾಲದ ನಟ್ಟನಡುವೆ ದನಕ್ಕೆ ಕಾಯಿಲೆ ಬಂದರೆ ಮಲೆನಾಡಿನ ಮನೆಯವರು ಪಡುವ ಪಾಡು ನಮಗೆಲ್ಲ ತಿಳಿದದ್ದೇ. ಪಶು ಆಸ್ಪತ್ರೆ ಇರುವುದು ಹೋಬಳಿ ಕೇಂದ್ರದಲ್ಲಿ. ಅಲ್ಲಿನ ವೈದ್ಯರಿಗೆ ಅನೇಕ ವೇಳೆ ಅಕ್ಕಪಕ್ಕದ ಖಾಲಿ ಕೇಂದ್ರಗಳ ಹೊಣೆಯೂ ಸೇರಿರುತ್ತದೆ. ಹಳ್ಳ ತುಂಬಿ ಸಂಕ ಮುಳುಗಿದ್ದರೆ ಅವರು ಮನಸ್ಸು ಮಾಡಿದರೂ ಬರಲಾರರು. ಆಗ ಪೇಟೆಗೆ ಹೊರಟ ಯಾರಿಗಾದರೂ ‘ದನಕ್ಕೆ ಜ್ವರ, ಒಂದು ಇಂಜೆಕ್ಷನ್ ತನ್ನಿ’ ಎಂದು ಹೇಳಿ ಕಳಿಸುತ್ತೇವೆ. ಸಂಜೆಯ ಬಸ್ಸಿಗೆ ಸೀಸೆ ಬರುತ್ತದೆ, ಚುಚ್ಚಲು ಬಲ್ಲವರೊಬ್ಬರು ಚುಚ್ಚುತ್ತಾರೆ. ದನ ಎದ್ದು ಮೇವು ಮುಟ್ಟಿದರೆ ಮನೆಯವರಿಗೆಲ್ಲ ನೆಮ್ಮದಿ. ಸೀಸೆ ಕೊಟ್ಟಿಗೆಯ ಮಾಡಿನ ಸಂದಿಗೋ ಗೊಬ್ಬರದ ಗುಂಡಿಗೋ ಸೇರುತ್ತದೆ.

ಆ ಸೀಸೆಯನ್ನು ಯಾರು ತಯಾರಿಸಿದರು, ಯಾರ ಬಳಕೆಗೆಂದು ತಯಾರಿಸಿದರು, ಎಷ್ಟು ಕೈ ದಾಟಿ ನಮ್ಮಲ್ಲಿಗೆ ಬಂತು, ದಾರಿಯಲ್ಲಿ ಅದರ ಗುಣ ಉಳಿದಿತ್ತೇ, ದನದ ಮೈ ಸೇರಿದ ಮೇಲೆ ಅದು ಎಲ್ಲಿಗೆ ಹೋಯಿತು ಎಂಬ ಪ್ರಶ್ನೆಗಳನ್ನು ಆ ಗಳಿಗೆಯಲ್ಲಿ ಯಾರೂ ಕೇಳುವುದಿಲ್ಲ. ನರಳುವ ದನದ ಮುಂದೆ ಅಂಥ ವಿಚಾರಣೆಗೆ ವ್ಯವಧಾನವೂ ಇರುವುದಿಲ್ಲ. ಆದ್ದರಿಂದಲೇ ಆ ಪ್ರಶ್ನೆಗಳನ್ನು ಬಿಡುವಿನ ಹೊತ್ತಿನಲ್ಲಿ ನಾವೆಲ್ಲ ಒಟ್ಟಾಗಿ ಕೇಳಿಕೊಳ್ಳಬೇಕಾಗಿದೆ. ಕಾರ್ಖಾನೆಯಿಂದ ಕೊಟ್ಟಿಗೆಯವರೆಗಿನ ಈ ದಾರಿಯನ್ನು ಪೂರೈಕೆ ಸರಪಳಿ ಎಂದು ಕರೆಯುವುದು ಈಗ ರೂಢಿಯಾಗಿದೆ. ಈ ಸರಪಳಿ ಕೊಟ್ಟಿಗೆಯಲ್ಲಿ ಮುಗಿಯುವುದಿಲ್ಲ ಎಂಬುದನ್ನು ನಮ್ಮ ದೇಶ ಬಹಳ ದೊಡ್ಡ ಬೆಲೆ ತೆತ್ತು ಕಲಿತಿದೆ. ರಣಹದ್ದುಗಳ ಕತೆ ಆ ಪಾಠವೇ ಆಗಿದೆ.

1980ರ ದಶಕದಲ್ಲಿ ಬಿಳಿಬೆನ್ನಿನ ರಣಹದ್ದು ಪ್ರಪಂಚದ ದೊಡ್ಡ ಬೇಟೆಹಕ್ಕಿಗಳ ಗುಂಪಿನಲ್ಲೇ ಅತ್ಯಂತ ಹೇರಳವಾದದ್ದು ಎಂದು ಪಕ್ಷಿತಜ್ಞರು ಭಾವಿಸಿದ್ದರು. ಊರಾಚೆ ಎಸೆದ ದನದ ಹೆಣವನ್ನು ಒಂದು ಹಿಂಡು ಗಂಟೆಯೊಳಗೆ ಮೂಳೆಗಿಳಿಸುತ್ತಿತ್ತು. 1990ರ ದಶಕದಲ್ಲಿ ರಾಜಸ್ಥಾನದ ಭರತಪುರದ ಕೇವಲಾದೇವ್ ರಾಷ್ಟ್ರೀಯ ಉದ್ಯಾನದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಭು ಪ್ರಕಾಶ್ ಅವರು ಈ ಹಕ್ಕಿಗಳು ಕತ್ತು ಇಳಿಬಿಟ್ಟು ಕುಳಿತಲ್ಲೇ ಸಾಯುತ್ತಿರುವುದನ್ನು, ಗೂಡುಗಳು ಖಾಲಿಯಾಗುತ್ತಿರುವುದನ್ನು ದಾಖಲಿಸಿದರು. ಕೆಲವರು ಕೀಟನಾಶಕವನ್ನು ಶಂಕಿಸಿದರು, ಕೆಲವರು ವೈರಾಣುವನ್ನು ಶಂಕಿಸಿದರು. ಕಾರಣ ಹುಡುಕುವ ಹೊತ್ತಿಗೆ ಹಕ್ಕಿಗಳೇ ಇಲ್ಲವಾಗುತ್ತ ಬಂದವು. 1992ರಿಂದ 2007ರ ನಡುವೆ ಭಾರತದಲ್ಲಿ ಬಿಳಿಬೆನ್ನಿನ ರಣಹದ್ದುಗಳ ಸಂಖ್ಯೆ ಶೇಕಡಾ 99.9ರಷ್ಟು ಕುಸಿಯಿತು. ಉದ್ದಕೊಕ್ಕಿನ ಮತ್ತು ತೆಳುಕೊಕ್ಕಿನ ರಣಹದ್ದುಗಳು ಸುಮಾರು ಶೇಕಡಾ 97ರಷ್ಟು ಇಲ್ಲವಾದವು. ಬೇಟೆಯಿಂದಲೋ ಕಾಡು ಕಡಿದದ್ದರಿಂದಲೋ ಇಷ್ಟು ಬೇಗ ಇಷ್ಟು ಹಕ್ಕಿಗಳು ಅಳಿದ ಉದಾಹರಣೆ ಬಲು ವಿರಳ.

ಕಾರಣ ತಿಳಿದದ್ದು 2004ರಲ್ಲಿ. ಪಾಕಿಸ್ತಾನದ ಪಂಜಾಬಿನಲ್ಲಿ ಸತ್ತ ರಣಹದ್ದುಗಳನ್ನು ಪರೀಕ್ಷಿಸಿದ ಲಿಂಡ್ಸೆ ಓಕ್ಸ್ ಮತ್ತು ಸಂಗಡಿಗರು ‘ನೇಚರ್’ ಪತ್ರಿಕೆಯಲ್ಲಿ ತಮ್ಮ ಶೋಧವನ್ನು ಪ್ರಕಟಿಸಿದರು. ಹಕ್ಕಿಗಳ ಮೂತ್ರಪಿಂಡಗಳು ಕೆಟ್ಟು, ಒಳಾಂಗಗಳ ಮೇಲೆಲ್ಲ ಯೂರಿಕ್ ಆಮ್ಲ ಸುಣ್ಣದ ಪುಡಿಯಂತೆ ಕೂತಿತ್ತು. ಇದಕ್ಕೆ ಮೂಲ ಡೈಕ್ಲೋಫೆನಾಕ್ ಎಂಬ ನೋವುನಿವಾರಕ. ಮನುಷ್ಯರ ಕೀಲುನೋವಿಗೆಂದು 1970ರ ದಶಕದಲ್ಲಿ ಬಂದ ಈ ಔಷಧ, 1990ರ ದಶಕದ ನಡುಭಾಗದಲ್ಲಿ ಅಗ್ಗವಾಗಿ ನಮ್ಮ ದನಗಳ ಚಿಕಿತ್ಸೆಗೂ ಬಂತು. ದನಕ್ಕೆ ಅದರಿಂದ ಕೇಡಿಲ್ಲ, ಜ್ವರ ಇಳಿಯುತ್ತದೆ, ಬಾವು ಇಳಿಯುತ್ತದೆ. ಆದರೆ ಚುಚ್ಚುಮದ್ದು ಕೊಟ್ಟ ಕೆಲವೇ ದಿನಗಳೊಳಗೆ ದನ ಸತ್ತರೆ ಅದರ ಮಾಂಸದಲ್ಲಿ, ವಿಶೇಷವಾಗಿ ಯಕೃತ್ತು ಮೂತ್ರಪಿಂಡಗಳಲ್ಲಿ, ಔಷಧ ಉಳಿದಿರುತ್ತದೆ. ಅದನ್ನು ತಿಂದ ರಣಹದ್ದು ಒಂದೆರಡು ದಿನಗಳಲ್ಲಿ ಸಾಯುತ್ತದೆ. ಒಂದೇ ಹೆಣಕ್ಕೆ ಹತ್ತಾರು ಹಕ್ಕಿ ಎರಗುವುದರಿಂದ, ನೂರು ಹೆಣಗಳಲ್ಲಿ ಒಂದಕ್ಕಿಂತಲೂ ಕಡಿಮೆ ಪ್ರಮಾಣದ ಹೆಣಗಳು ವಿಷಪೂರಿತವಾಗಿದ್ದರೂ ಈ ಮಟ್ಟದ ನಾಶಕ್ಕೆ ಸಾಕೆಂದು ಸಂಶೋಧಕರು ಲೆಕ್ಕ ಹಾಕಿ ತೋರಿಸಿದರು. ಜೋಡಿಯೊಂದು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಹೀಗೆ ಹೋದದ್ದು ಮರಳಿ ತುಂಬಲು ದಶಕಗಳೇ ಬೇಕು.

‘ಹಕ್ಕಿ ಸತ್ತರೆ ನಮಗೇನು, ದನ ಉಳಿಯಿತಲ್ಲ’ ಎಂದು ಕೇಳುವವರಿದ್ದಾರೆ. ಪ್ರಶ್ನೆ ಕಟುವಾಗಿದ್ದರೂ ಉತ್ತರಿಸಬೇಕಾದದ್ದೇ. ಹದ್ದುಗಳಿಲ್ಲದ ಊರುಗಳಲ್ಲಿ ಹೆಣಗಳು ಕೊಳೆತವು, ನೀರು ಕೆಟ್ಟಿತು, ಬೀದಿನಾಯಿಗಳು ಹೆಚ್ಚಿದವು, ಅವುಗಳೊಡನೆ ಹುಚ್ಚುನಾಯಿ ರೋಗದ ಭೀತಿಯೂ ಹೆಚ್ಚಿತು. ಮುಂಬಯಿಯ ಪಾರ್ಸಿ ಸಮುದಾಯ ತನ್ನ ಮೃತರನ್ನು ಹಕ್ಕಿಗಳಿಗೆ ಒಪ್ಪಿಸುವ ಪುರಾತನ ಸಂಸ್ಕಾರವನ್ನೇ ನಡೆಸಲಾಗದ ಸ್ಥಿತಿಗೆ ಬಂತು. ಅರ್ಥಶಾಸ್ತ್ರಜ್ಞರಾದ ಇಯಾಲ್ ಫ್ರಾಂಕ್ ಮತ್ತು ಅನಂತ್ ಸುದರ್ಶನ್ 2024ರಲ್ಲಿ ಪ್ರಕಟಿಸಿದ ಅಧ್ಯಯನ, ಹಿಂದೆ ರಣಹದ್ದುಗಳು ಹೆಚ್ಚಿದ್ದ ಜಿಲ್ಲೆಗಳನ್ನೂ ಅವು ಕಡಿಮೆಯಿದ್ದ ಜಿಲ್ಲೆಗಳನ್ನೂ ಹೋಲಿಸಿತು. 2000ರಿಂದ 2005ರವರೆಗಿನ ಅವಧಿಯಲ್ಲಿ ರಣಹದ್ದುಗಳ ನಾಶದಿಂದಾಗಿ ಸುಮಾರು 5 ಲಕ್ಷ ಮನುಷ್ಯರು ಹೆಚ್ಚುವರಿಯಾಗಿ ಸತ್ತರೆಂಬುದು ಅವರ ಅಂದಾಜು. ಅಗ್ಗದ ಸೀಸೆಯೊಂದರ ನಿಜವಾದ ಬೆಲೆ ಅಂಗಡಿಯ ಬಿಲ್ಲಿನಲ್ಲಿ ಬರೆದಿರಲಿಲ್ಲ. ಆ ಔಷಧವನ್ನು ಕಂಡೂ ಕೇಳಿಯೂ ಅರಿಯದವರು ಅದನ್ನು ತೆತ್ತರು.

ನೀತಿಯ ಮಾತು ಬರುವುದು ಇಲ್ಲಿ. ತಯಾರಕರು ಕಾನೂನು ಮೀರಿರಲಿಲ್ಲ. ಅಂಗಡಿಯವರು ಕಲಬೆರಕೆ ಮಾಡಿರಲಿಲ್ಲ. ವೈದ್ಯರು ನೋವು ಕಡಿಮೆ ಮಾಡಲೆಂದೇ ಬರೆದರು, ರೈತರು ಪ್ರೀತಿಯಿಂದಲೇ ಕೊಡಿಸಿದರು. ಸರಪಳಿಯ ಯಾವ ಕೊಂಡಿಯಲ್ಲೂ ದುರುದ್ದೇಶವಿರಲಿಲ್ಲ. ಆದರೂ ಅನಾಹುತ ನಡೆಯಿತು, ಏಕೆಂದರೆ ದನದ ಮೈಯಾಚೆಗೆ ಔಷಧ ಏನು ಮಾಡುತ್ತದೆ ಎಂದು ಪರೀಕ್ಷಿಸುವ ಹೊಣೆಯನ್ನು ಯಾರಿಗೂ ವಹಿಸಿರಲಿಲ್ಲ.

ಕಾರಣ ತಿಳಿದ ಮೇಲೆ ಸರ್ಕಾರ ಸುಮ್ಮನಿರಲಿಲ್ಲ ಎಂಬುದನ್ನು ಒಪ್ಪಬೇಕು. 2006ರಲ್ಲಿ ಪಶುಚಿಕಿತ್ಸೆಗಾಗಿ ಡೈಕ್ಲೋಫೆನಾಕ್ ತಯಾರಿಸುವುದನ್ನು ನಿಲ್ಲಿಸಲು ಕೇಂದ್ರದ ಔಷಧ ನಿಯಂತ್ರಕರು ಆದೇಶಿಸಿದರು, 2008ರಲ್ಲಿ ಅದು ರಾಜಪತ್ರದ ಅಧಿಸೂಚನೆಯಾಯಿತು. ಅದೇ 2006ರಲ್ಲಿ ಮೆಲಾಕ್ಸಿಕಾಮ್ ಎಂಬ ಬದಲಿ ಔಷಧ ರಣಹದ್ದುಗಳಿಗೆ ಹಾನಿ ಮಾಡುವುದಿಲ್ಲವೆಂದು ಪ್ರಯೋಗಗಳು ತೋರಿಸಿದವು. ಮೊದಲು ತುಸು ದುಬಾರಿಯಾಗಿದ್ದ ಅದು, ಹಲವು ಸಂಸ್ಥೆಗಳು ತಯಾರಿಸತೊಡಗಿದ ಮೇಲೆ ಅಗ್ಗವಾಯಿತು. ಸಮಸ್ಯೆ ಇಲ್ಲಿಗೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ಮುಂಬಾಗಿಲು ಮುಚ್ಚಿದ ಔಷಧ ಹಿತ್ತಿಲ ಬಾಗಿಲಿನಿಂದ ಬಂತು. ಮನುಷ್ಯರಿಗೆಂದು ತಯಾರಾದ ಡೈಕ್ಲೋಫೆನಾಕ್‌ಗೆ ನಿಷೇಧವಿರಲಿಲ್ಲ. ಮನುಷ್ಯನಿಗೆ ಒಂದು ಸಲಕ್ಕೆ ಬೇಕಾದದ್ದು 3 ಮಿಲಿಲೀಟರ್. ಮಾರುಕಟ್ಟೆಯಲ್ಲಿ ಮಾತ್ರ 30 ಮಿಲಿಲೀಟರಿನ ದೊಡ್ಡ ಸೀಸೆಗಳು ಧಾರಾಳವಾಗಿ ಸಿಗುತ್ತಿದ್ದವು. ಅಷ್ಟು ದೊಡ್ಡ ಸೀಸೆ ಯಾರಿಗೆ ಅನುಕೂಲವೆಂಬುದನ್ನು ಬಿಡಿಸಿ ಹೇಳಬೇಕಿಲ್ಲ. 2007ರಿಂದ 2010ರ ನಡುವೆ 11 ರಾಜ್ಯಗಳ 250ಕ್ಕೂ ಹೆಚ್ಚು ಔಷಧ ಅಂಗಡಿಗಳಲ್ಲಿ ನಡೆದ ಸಮೀಕ್ಷೆಯಲ್ಲಿ, ನಿಷೇಧವಾಗಿ ವರ್ಷಗಳೇ ಕಳೆದಿದ್ದರೂ ಶೇಕಡಾ 36ರಷ್ಟು ಅಂಗಡಿಗಳಲ್ಲಿ ದನಗಳಿಗೆಂದು ಡೈಕ್ಲೋಫೆನಾಕ್ ದೊರೆಯಿತು.

ಕೊನೆಗೆ 2015ರಲ್ಲಿ ಮನುಷ್ಯರ ಬಳಕೆಯ ಸೀಸೆಯನ್ನು ಒಂದೇ ಸಲದ ಪ್ರಮಾಣಕ್ಕೆ, ಅಂದರೆ 3 ಮಿಲಿಲೀಟರಿಗೆ, ಮಿತಗೊಳಿಸಲಾಯಿತು. ತಯಾರಕರು ನ್ಯಾಯಾಲಯಕ್ಕೆ ಹೋದರು. 2017ರಲ್ಲಿ ಮದ್ರಾಸ್ ಹೈಕೋರ್ಟ್ ಸರ್ಕಾರದ ಆದೇಶವನ್ನೇ ಎತ್ತಿಹಿಡಿಯಿತು. ಅಷ್ಟರಲ್ಲಿ ಬೇರೆ ಹೆಸರಿನ ಔಷಧಗಳು ಆ ಜಾಗಕ್ಕೆ ಬಂದಿದ್ದವು. ಅಸೆಕ್ಲೋಫೆನಾಕ್ ದನದ ದೇಹದೊಳಗೆ ಡೈಕ್ಲೋಫೆನಾಕ್ ಆಗಿಯೇ ಮಾರ್ಪಡುತ್ತದೆ, ಕೀಟೋಪ್ರೊಫೆನ್ ಕೂಡ ರಣಹದ್ದಿಗೆ ಮಾರಕ. ಇವೆರಡನ್ನೂ ಪಶುಚಿಕಿತ್ಸೆಗೆ ನಿಷೇಧಿಸಿದ್ದು 2023ರ ಜುಲೈನಲ್ಲಿ, ನಿಮೆಸುಲೈಡನ್ನು ನಿಷೇಧಿಸಿದ್ದು 2024ರ ಕೊನೆಯಲ್ಲಿ. ಒಂದು ಔಷಧದ ಕೇಡು ತಿಳಿಯಲು ಹತ್ತು ವರ್ಷ, ನಿಷೇಧವನ್ನು ಬಿಗಿಗೊಳಿಸಲು ಮತ್ತೆ ಹತ್ತು ವರ್ಷ, ಅದರ ಬಂಧುಗಳನ್ನು ಹಿಡಿಯಲು ಇನ್ನೂ ಹತ್ತು ವರ್ಷ. ಈ ವೇಗದಲ್ಲಿ ನಡೆಯುವ ಕಾನೂನು ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆಯೇ ಸರಿ. ಪಶು ಔಷಧಕ್ಕೆ ಪರವಾನಗಿ ಕೊಡುವ ಮೊದಲೇ ಹೆಣ ತಿನ್ನುವ ಹಕ್ಕಿಗಳ ಮೇಲೆ ಅದರ ಪರಿಣಾಮವನ್ನು ಪರೀಕ್ಷಿಸುವುದು ಕಡ್ಡಾಯವಾಗಬೇಕು ಎಂಬ ಬೇಡಿಕೆ ಹೊಸದಲ್ಲ. ಅದನ್ನು ನಾವೂ ಈ ಪುಟಗಳಿಂದ ಮತ್ತೆ ಮುಂದಿಡುತ್ತೇವೆ.

ಕರ್ನಾಟಕಕ್ಕೆ ಇದು ದೂರದ ಸುದ್ದಿಯಲ್ಲ. ರಾಮನಗರದ ರಾಮದೇವರ ಬೆಟ್ಟದ ಬಂಡೆಗಳಲ್ಲಿ ಉದ್ದಕೊಕ್ಕಿನ ರಣಹದ್ದುಗಳು ಗೂಡು ಕಟ್ಟುತ್ತಿದ್ದ ಕಾರಣ 2012ರಲ್ಲಿ ಅದನ್ನು ರಣಹದ್ದು ಧಾಮವೆಂದು ಘೋಷಿಸಲಾಯಿತು. ಧಾಮವಾಯಿತು, ಹಕ್ಕಿಗಳು ಮಾತ್ರ ಬೆರಳೆಣಿಕೆಗೆ ಇಳಿದವು. ಏಕೆಂದರೆ ರಣಹದ್ದು ಗೂಡಿರುವ ಬಂಡೆಯ ಸುತ್ತಲೇ ಉಣ್ಣುವ ಹಕ್ಕಿಯಲ್ಲ. ಒಂದೇ ದಿನದಲ್ಲಿ ಹತ್ತಾರು ಮೈಲಿ ಹಾರಿ ಆಹಾರ ಹುಡುಕುತ್ತದೆ. ಧಾಮಕ್ಕೆ ಬೇಲಿ ಹಾಕಬಹುದು, ತಾಲ್ಲೂಕುಗಳ ಔಷಧ ಅಂಗಡಿಗಳಿಗೆ ಬೇಲಿ ಹಾಕಲಾಗದು. ಬಂಡೀಪುರ, ನಾಗರಹೊಳೆ, ನೀಲಗಿರಿಯ ಮೋಯಾರ್ ಕಣಿವೆ, ವಯನಾಡು ಸೇರಿದ ಅರಣ್ಯಗಳಲ್ಲಿ ಇಂದಿಗೂ ಕೆಲವು ನೂರು ರಣಹದ್ದುಗಳು ಉಳಿದಿವೆ. ಅಲ್ಲಿ ಅವುಗಳ ಆಹಾರದಲ್ಲಿ ಕಾಡುಪ್ರಾಣಿಗಳ ಕಳೇಬರಗಳ ಪಾಲೂ ಇದೆ. ಆದರೆ ಕಾಡಂಚಿನಲ್ಲಿ ಮೇಯುವ ನಮ್ಮ ದನಗಳನ್ನು ಹುಲಿ ಚಿರತೆಗಳು ಹಿಡಿಯುತ್ತವೆ. ಆ ಕಳೇಬರ ಕಾಡಿನಲ್ಲೇ ಉಳಿಯುತ್ತದೆ. ಎರಡು ದಿನ ಹಿಂದೆ ಚುಚ್ಚಿಸಿಕೊಂಡಿದ್ದ ದನ ಅದಾಗಿದ್ದರೆ ನಮ್ಮ ಕೊಟ್ಟಿಗೆಯ ಸೀಸೆ ಕಾಡನ್ನು ಹೊಕ್ಕಂತಾಯಿತು.

ಇಲ್ಲಿಯವರೆಗೆ ಹೇಳಿದ್ದು ನೀತಿಯ ಮಾತು. ಭರವಸೆಯ ಮಾತು, ಎಂದರೆ ಬೇಕಾದ ಔಷಧ ಬೇಕಾದ ಹೊತ್ತಿಗೆ ಕೆಡದೆ ಕೈಸೇರುವ ಮಾತು, ಇದರಿಂದ ಬೇರೆಯಲ್ಲ. ನಮ್ಮ ಊರಿನವರು ಮನುಷ್ಯರ ಔಷಧವನ್ನು ದನಕ್ಕೆ ಕೊಡಿಸುವುದು ನಿಯಮವನ್ನು ಧಿಕ್ಕರಿಸಬೇಕೆಂದಲ್ಲ. ಸರಿಯಾದದ್ದು ಸಿಗಲಿಲ್ಲ, ಸಿಕ್ಕಿದ್ದನ್ನು ತಂದರು. ವೈದ್ಯರ ಹುದ್ದೆ ಖಾಲಿಯಿದ್ದರೆ, ಆಸ್ಪತ್ರೆಯ ಕಪಾಟಿನಲ್ಲಿ ದಾಸ್ತಾನು ಮುಗಿದಿದ್ದರೆ, ಮೆಲಾಕ್ಸಿಕಾಮ್ ನಲವತ್ತು ಕಿಲೋಮೀಟರ್ ದೂರದಲ್ಲಿದ್ದು ನಿಷಿದ್ಧ ಸೀಸೆ ಬಸ್ ನಿಲ್ದಾಣದ ಅಂಗಡಿಯಲ್ಲೇ ಇದ್ದರೆ, ಜ್ವರದಿಂದ ಮಲಗಿದ ದನದ ಒಡೆಯ ಯಾವುದನ್ನು ತರಬೇಕು? ಭರವಸೆಯ ಸರಪಳಿ ಎಲ್ಲಿ ತಲುಪುವುದಿಲ್ಲವೋ ಅಲ್ಲಿಗೆ ಹೊಣೆಗೇಡಿ ಸರಪಳಿ ತಲುಪಿಯೇ ತಲುಪುತ್ತದೆ. ಬಡ ರೈತನಿಗೆ ನೀತಿಯ ಪಾಠ ಹೇಳಿ, ಪೂರೈಕೆಯ ಹೊಣೆಯನ್ನು ಅವನ ಹೆಗಲಿಗೇ ಬಿಡುವ ಬೋಧನೆಗೆ ನಮ್ಮ ಒಪ್ಪಿಗೆಯಿಲ್ಲ.

ಲಸಿಕೆಯ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. 2013ರಲ್ಲಿ ಕಾಲುಬಾಯಿ ಜ್ವರ ಕರ್ನಾಟಕದ ಸಾವಿರಾರು ದನಗಳನ್ನು ಬಲಿ ತೆಗೆದುಕೊಂಡದ್ದು ಅನೇಕರ ನೆನಪಿನಲ್ಲಿದೆ. 2019ರಲ್ಲಿ ಕೇಂದ್ರ ಸರ್ಕಾರ ಕಾಲುಬಾಯಿ ಜ್ವರ ಮತ್ತು ಕಂದುರೋಗಗಳ ನಿಯಂತ್ರಣಕ್ಕೆ 13,343 ಕೋಟಿ ರೂಪಾಯಿಯ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. ಹಣ ಬಂತು, ಲಸಿಕೆಯೂ ಬಂತು. ಆದರೆ ಕಾಲುಬಾಯಿ ಜ್ವರದ ಲಸಿಕೆ ತಯಾರಾದ ಗಳಿಗೆಯಿಂದ ದನದ ಮೈ ಸೇರುವವರೆಗೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿರಬೇಕು. ಬಿಸಿಯಾದರೂ ಕೆಡುತ್ತದೆ, ಹೆಪ್ಪುಗಟ್ಟಿದರೂ ಕೆಡುತ್ತದೆ. ಕೆಟ್ಟ ಲಸಿಕೆ ನೋಡಲು ಒಳ್ಳೆಯ ಲಸಿಕೆಯಂತೆಯೇ ಇರುತ್ತದೆ, ಪುಸ್ತಕದಲ್ಲಿ ‘ಲಸಿಕೆ ಹಾಕಲಾಗಿದೆ’ ಎಂದೇ ದಾಖಲಾಗುತ್ತದೆ. ಆಷಾಢದಲ್ಲಿ ವಾರಗಟ್ಟಲೆ ಕರೆಂಟಿಲ್ಲದ ನಮ್ಮ ಹಳ್ಳಿಗಳಲ್ಲಿ, ಐಸ್ ಪೆಟ್ಟಿಗೆಯನ್ನು ಬೈಕಿನ ಹಿಂದೆ ಕಟ್ಟಿಕೊಂಡು ಕಾಡುದಾರಿ ಹಿಡಿಯುವ ಪಶುವೈದ್ಯ ಸಿಬ್ಬಂದಿಯೇ ಸರಪಳಿಯ ಕೊನೆಯ ಕೊಂಡಿ. ಆ ಕೊಂಡಿಗೆ ಬಲ ಕೊಡದೆ ಮೇಲಿನ ಕೋಟಿಗಳಿಗೆ ಅರ್ಥವಿಲ್ಲ.

ಕೊನೆಯ ಕೊಂಡಿ ಗಟ್ಟಿಯಾದರೆ ಏನಾಗಬಹುದು ಎಂಬುದಕ್ಕೂ ಇತಿಹಾಸದಲ್ಲಿ ಉದಾಹರಣೆಯಿದೆ. ಶತಮಾನಗಳ ಕಾಲ ಏಷ್ಯಾ, ಆಫ್ರಿಕಾ, ಯುರೋಪುಗಳ ದನಗಳನ್ನು ಕೊಂದ ರಿಂಡರ್‌ಪೆಸ್ಟ್ ಎಂಬ ಮಹಾಮಾರಿ ಪ್ರಪಂಚದಿಂದಲೇ ತೊಲಗಿತೆಂದು 2011ರಲ್ಲಿ ಘೋಷಿಸಲಾಯಿತು. ಸಿಡುಬಿನ ಬಳಿಕ ಮನುಷ್ಯರು ಭೂಮಿಯಿಂದ ಅಳಿಸಿಹಾಕಿದ ಎರಡನೆಯ ರೋಗ ಅದು. ಒಳ್ಳೆಯ ಲಸಿಕೆ 1960ರ ದಶಕದಲ್ಲೇ ಇತ್ತು. ಆಫ್ರಿಕಾದ ಒಣ ಬಯಲುಗಳಲ್ಲಿ, ರಸ್ತೆಯಿಲ್ಲದ, ಯುದ್ಧಪೀಡಿತ ಪ್ರದೇಶಗಳಲ್ಲಿ ಅದನ್ನು ತಂಪಾಗಿಟ್ಟು ಒಯ್ಯುವುದೇ ಅಸಾಧ್ಯವಾಗಿತ್ತು. ಜೆಫ್ರಿ ಮ್ಯಾರಿನರ್ ಮತ್ತು ಸಂಗಡಿಗರು ಶಾಖವನ್ನು ತಾಳಿಕೊಳ್ಳುವ ಲಸಿಕೆಯನ್ನು ರೂಪಿಸಿದರು. ಅಲ್ಲಿನ ಪಶುಪಾಲಕರಲ್ಲೇ ಕೆಲವರಿಗೆ ತರಬೇತಿ ಕೊಟ್ಟು, ಅವರ ಕೈಯಿಂದಲೇ ಹಿಂಡುಹಿಂಡಿಗೆ ಚುಚ್ಚಿಸಲಾಯಿತು. ದನ ಎಲ್ಲಿ ಮೇಯುತ್ತದೆ, ಯಾವ ಹಿಂಡು ಯಾವಾಗ ಎಲ್ಲಿಗೆ ಹೋಗುತ್ತದೆ ಎಂಬುದು ಅಧಿಕಾರಿಗಳಿಗಿಂತ ಅವರಿಗೇ ಚೆನ್ನಾಗಿ ಗೊತ್ತಿತ್ತು. ಇಂದು ನಮ್ಮಲ್ಲಿಯೂ ಸ್ವಸಹಾಯ ಸಂಘಗಳಿಂದ ಬಂದ ‘ಪಶು ಸಖಿ’ಯರು ಇದ್ದಾರೆ, ಹಾಲು ಉತ್ಪಾದಕರ ಸಹಕಾರ ಸಂಘಗಳಿವೆ. ವೈದ್ಯರ ಮಾರ್ಗದರ್ಶನದಲ್ಲಿ ಇವರಿಗೆ ಸರಿಯಾದ ತಿಳಿವಳಿಕೆ ಮತ್ತು ಗೌರವಯುತ ಸಂಭಾವನೆ ದೊರೆತರೆ ಮಲೆನಾಡಿನ ಕೊನೆಯ ಕೊಂಡಿ ಇವರೇ ಆಗಬಲ್ಲರು.

ಸರಪಳಿಯ ಆಚೆಯ ತುದಿಯನ್ನು ನೋಡಲು ರಣಹದ್ದಿನವರೆಗೆ ಹೋಗಬೇಕಾಗಿಯೂ ಇಲ್ಲ. ಮಂಗನ ಕಾಯಿಲೆಯ ಸೀಮೆಯಾದ ನಮ್ಮಲ್ಲಿ ಉಣುಗಿನ ಭಯ ಸಹಜವಾದದ್ದು. ದನದ ಮೈಗೆ ಉಣುಗಿನ ಔಷಧ ಹಚ್ಚುವುದು ಬೇಡವೆಂದು ಯಾರೂ ಹೇಳಲಾರರು. ಆದರೆ ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ವರ್ಗದ ಈ ಔಷಧಗಳು ಮೀನು, ಏಡಿ, ಜಲಕೀಟಗಳಿಗೆ ಅತ್ಯಲ್ಪ ಪ್ರಮಾಣದಲ್ಲೂ ಮಾರಕ, ಜೇನ್ನೊಣಕ್ಕೂ ವಿಷ. ಔಷಧ ಹಚ್ಚಿದ ದಿನವೇ ದನವನ್ನು ಹಳ್ಳದಲ್ಲಿ ತೊಳೆದರೆ, ಬಕೆಟ್ಟು ಸೀಸೆಗಳನ್ನು ಅಲ್ಲೇ ಅಲುಬಿದರೆ, ಕೆಳಗಿನ ಊರಿನವರ ಕುಡಿಯುವ ನೀರಿಗೇ ವಿಷ ಬೆರೆಸಿದಂತೆ. ಹುಳುವಿನ ಬಾಧೆಗೆ ಕೊಡುವ ಐವರ್‌ಮೆಕ್ಟಿನ್ ಬಹುಪಾಲು ಸಗಣಿಯಲ್ಲೇ ಹೊರಬೀಳುತ್ತದೆ, ಸಗಣಿಯನ್ನು ಮಣ್ಣಿಗಿಳಿಸುವ ದುಂಬಿಗಳ ಮರಿಗಳನ್ನು ಅದು ಕೊಲ್ಲುತ್ತದೆ. ಅಡಿಕೆ ತೋಟದ ಮಣ್ಣಿಗೆ ಜೀವ ಕೊಡುವ ಆ ಹುಳುಗಳ ಕೆಲಸವನ್ನು ಯಾವ ಚೀಲದ ಗೊಬ್ಬರವೂ ಮಾಡಿಕೊಡಲಾರದು. ವರ್ಷಕ್ಕೆ ಇಷ್ಟು ಸಲ ಎಂದು ಕಣ್ಣುಮುಚ್ಚಿ ಕೊಡಿಸುವ ಬದಲು, ಸಗಣಿ ಪರೀಕ್ಷೆ ಮಾಡಿಸಿ ಬೇಕಾದ ದನಕ್ಕೆ ಮಾತ್ರ ಕೊಡಿಸುವುದು ವಿವೇಕ.

ಹಿತ್ತಿಲ ಮದ್ದಿನ ಬಗ್ಗೆಯೂ ಒಂದು ಮಾತು. ಕೆಚ್ಚಲು ಬಾವಿಗೆ ಲೋಳೆಸರ, ಅರಿಶಿನ, ಸುಣ್ಣದ ಲೇಪವನ್ನು ರಾಷ್ಟ್ರೀಯ ಹೈನುಗಾರಿಕೆ ಅಭಿವೃದ್ಧಿ ಮಂಡಳಿಯೇ ಪ್ರಚಾರ ಮಾಡುತ್ತಿದೆ. ಅದಕ್ಕಿಂತ ಚಿಕ್ಕ ಪೂರೈಕೆ ಸರಪಳಿ ಇನ್ನೊಂದಿಲ್ಲ, ಬಾಗಿಲು ತೆಗೆದರೆ ಲೋಳೆಸರ. ಬಾವಿನ ಆರಂಭದಲ್ಲಿ ಅದನ್ನು ಬಳಸಿದರೆ ಪ್ರತಿಜೈವಿಕಗಳ ಬಳಕೆಯನ್ನು ತಗ್ಗಿಸಬಹುದು, ಹಾಲಿನಲ್ಲಿ ಔಷಧದ ಶೇಷ ಉಳಿಯುವುದೂ ತಪ್ಪುತ್ತದೆ. ಹಾಗೆಂದು ಕಾಲುಬಾಯಿ ಜ್ವರವನ್ನೋ ಗಳಲೆ ರೋಗವನ್ನೋ ಹಿತ್ತಿಲ ಗಿಡ ತಡೆಯುತ್ತದೆಂದು ನಂಬಿ ಲಸಿಕೆ ಬಿಡುವುದು ಅವಿವೇಕ. ಯಾವುದು ಎಲ್ಲಿಯವರೆಗೆ ಎಂಬ ಅರಿವು ಹಳ್ಳಿಯಲ್ಲಿ ಹಿಂದೆಯೂ ಇತ್ತು. ಅದನ್ನು ಉಳಿಸಿಕೊಳ್ಳೋಣ.

ಈಗ ಮಾಡಬೇಕಾದದ್ದೇನು?

ಮೊದಲನೆಯದು, ಹೆಸರು ತಿಳಿಯುವುದು. ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಕೀಟೋಪ್ರೊಫೆನ್, ನಿಮೆಸುಲೈಡ್ ಈ ನಾಲ್ಕನ್ನು ದನಕ್ಕೆ ಕೊಡುವಂತಿಲ್ಲ. ರಣಹದ್ದುಗಳಿಗೆ ಸುರಕ್ಷಿತವೆಂದು ಪ್ರಯೋಗದಿಂದ ತಿಳಿದಿರುವ ಬದಲಿಗಳು ಮೆಲಾಕ್ಸಿಕಾಮ್ ಮತ್ತು ಟಾಲ್ಫೆನಮಿಕ್ ಆಸಿಡ್. ಈ ಆರು ಹೆಸರುಗಳನ್ನು ಪ್ರತಿ ಹಾಲಿನ ಸಂಘದ ಗೋಡೆಯ ಮೇಲೆ ಕನ್ನಡದಲ್ಲಿ ದಪ್ಪಕ್ಷರಗಳಲ್ಲಿ ಬರೆಸೋಣ. ಸೀಸೆಯ ಮೇಲೆ ವ್ಯಾಪಾರಿ ಹೆಸರು ದೊಡ್ಡದಾಗಿರುತ್ತದೆ, ಔಷಧದ ನಿಜನಾಮ ಚಿಕ್ಕದಾಗಿರುತ್ತದೆ. ಓದಬೇಕಾದದ್ದು ಚಿಕ್ಕದನ್ನು. ಪಶು ಔಷಧವಾಗಿದ್ದರೆ ‘ಪ್ರಾಣಿಗಳ ಚಿಕಿತ್ಸೆಗೆ ಮಾತ್ರ’ ಎಂಬ ಅರ್ಥದ ಇಂಗ್ಲಿಷ್ ಒಕ್ಕಣೆ ಸೀಸೆಯ ಮೇಲಿರಲೇಬೇಕು. ಎಷ್ಟು ಕೊಡಬೇಕೆಂಬುದನ್ನು ವೈದ್ಯರೇ ಹೇಳಬೇಕು. ಮಲೆನಾಡು ಗಿಡ್ಡದ ತೂಕ ಬೇರೆ, ಜೆರ್ಸಿ ಮಿಶ್ರತಳಿಯ ತೂಕ ಬೇರೆ. ಒಂದಕ್ಕೆ ಹೇಳಿದ ಅಳತೆಯನ್ನು ಇನ್ನೊಂದಕ್ಕೆ ಚುಚ್ಚಬಾರದು.

ಎರಡನೆಯದು, ಬಿಲ್ಲು ಕೇಳುವುದು. ಬಿಲ್ಲಿನಲ್ಲಿ ಔಷಧದ ಹೆಸರು, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕಗಳಿದ್ದರೆ ಔಷಧ ಕೆಟ್ಟಿದ್ದಾಗ ಅದು ಬಂದ ದಾರಿಯನ್ನು ಹಿಂದಕ್ಕೆ ಹಿಡಿಯಬಹುದು. ಬಿಲ್ಲಿಲ್ಲದ ಸೀಸೆಗೆ ತಾಯಿತಂದೆಯಿಲ್ಲ. ಒಬ್ಬೊಬ್ಬರೇ ಕೇಳಿದರೆ ಅಂಗಡಿಯವರು ಸಿಡುಕಬಹುದು, ಊರೇ ಕೇಳತೊಡಗಿದರೆ ಕೊಡುತ್ತಾರೆ.

ಮೂರನೆಯದು, ಒಟ್ಟಾಗಿ ಕೊಳ್ಳುವುದು. ಹಾಲಿನ ಸಂಘದಲ್ಲಿ ಪಶುವೈದ್ಯರ ಉಸ್ತುವಾರಿಯಲ್ಲಿ ಮಳೆಗಾಲಕ್ಕೆ ಮೊದಲೇ ಅಗತ್ಯ ಔಷಧಗಳ ಚಿಕ್ಕ ದಾಸ್ತಾನು, ಒಂದು ಒಳ್ಳೆಯ ಐಸ್ ಪೆಟ್ಟಿಗೆ, ಒಂದು ಉಷ್ಣಮಾಪಕ ಇಟ್ಟುಕೊಂಡರೆ ನಡುರಾತ್ರಿಯ ಅಸಹಾಯಕತೆ ಅರ್ಧಕ್ಕಿಳಿಯುತ್ತದೆ. 1962 ಸಂಖ್ಯೆಗೆ ಕರೆ ಮಾಡಿದರೆ ಬರುವ ಸಂಚಾರಿ ಪಶುಚಿಕಿತ್ಸಾ ವಾಹನದ ಸೌಲಭ್ಯವೂ ಇದೆ. ಅದು ಗುಡ್ಡದ ಊರುಗಳಿಗೆ ಎಷ್ಟು ಸಲ ಬಂತು, ಎಷ್ಟು ಸಲ ಬರಲಿಲ್ಲ ಎಂಬುದನ್ನು ಸಂಘವೇ ಬರೆದಿಟ್ಟುಕೊಂಡರೆ ಮುಂದಿನ ಮನವಿಗೆ ಬಲ ಬರುತ್ತದೆ.

ನಾಲ್ಕನೆಯದು, ಸೀಸೆಯ ಮತ್ತು ಹೆಣದ ವಿಲೇವಾರಿ. ಚಿಕಿತ್ಸೆ ಪಡೆದ ವಾರದೊಳಗೆ ಸತ್ತ ದನವನ್ನು ಬಯಲಿನಲ್ಲಿ ಎಸೆಯದೆ, ನೀರಿನ ಒರತೆಯಿಂದ ದೂರದಲ್ಲಿ ಆಳವಾಗಿ ಹೂಳಬೇಕು. ಖಾಲಿ ಸೀಸೆ, ಸೂಜಿಗಳನ್ನು ಗೊಬ್ಬರದ ಗುಂಡಿಗೆ ಹಾಕದೆ ಗಟ್ಟಿ ಡಬ್ಬಿಯಲ್ಲಿ ಕೂಡಿಟ್ಟು ಪಶು ಆಸ್ಪತ್ರೆಗೆ ಮರಳಿಸಬೇಕು. ಆಸ್ಪತ್ರೆಗಳು ಅದನ್ನು ಸ್ವೀಕರಿಸುವ ವ್ಯವಸ್ಥೆಯನ್ನು ಇಲಾಖೆ ಮಾಡಬೇಕು.

ಐದನೆಯದು, ಸರ್ಕಾರದ ಮುಂದಿಡುವ ಹಕ್ಕೊತ್ತಾಯ. ಗುಡ್ಡಗಾಡು ತಾಲ್ಲೂಕುಗಳ ಖಾಲಿ ಪಶುವೈದ್ಯ ಹುದ್ದೆಗಳನ್ನು ಮೊದಲು ತುಂಬಬೇಕು. 2025ರ ಮಾರ್ಚ್‌ನಲ್ಲಿ ಕೇಂದ್ರ ಸಚಿವ ಸಂಪುಟ ಕಡಿಮೆ ಬೆಲೆಗೆ ಗುಣಮಟ್ಟದ ಪಶು ಔಷಧ ಒದಗಿಸಲು ‘ಪಶು ಔಷಧಿ’ ಎಂಬ ಯೋಜನೆಗೆ 75 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿದೆ. ಅದು ನಗರಗಳ ನಾಮಫಲಕವಾಗಿ ನಿಲ್ಲದೆ ಹೋಬಳಿಗೆ ಬರಬೇಕು. ಔಷಧ ಪರಿವೀಕ್ಷಕರು ಪಶು ಔಷಧ ಮಾರುವ ಅಂಗಡಿಗಳನ್ನೂ ನಿಯಮಿತವಾಗಿ ತಪಾಸಣೆ ಮಾಡಬೇಕು.

ವಿದ್ಯಾರ್ಥಿ ಮಿತ್ರರಿಗೆ ಒಂದು ಕೆಲಸ. ನಿಮ್ಮ ಊರಿನ ಕೊಟ್ಟಿಗೆಗಳ ಸುತ್ತ ಬಿದ್ದಿರುವ ಖಾಲಿ ಔಷಧ ಸೀಸೆಗಳನ್ನು ಗಮನಿಸಿ. ಸೂಜಿ ಮುಟ್ಟಬೇಡಿ, ಕೈಗವಸಿಲ್ಲದೆ ಸೀಸೆಯನ್ನೂ ಮುಟ್ಟಬೇಡಿ. ಔಷಧದ ನಿಜನಾಮ, ತಯಾರಾದ ಮತ್ತು ಅವಧಿ ಮುಗಿಯುವ ದಿನಾಂಕ, ಅದು ಮನುಷ್ಯರದೋ ಪ್ರಾಣಿಗಳದೋ ಎಂಬುದನ್ನು ಪಟ್ಟಿ ಮಾಡಿ. ಯಾರ ಮನೆಯದೆಂದು ಬರೆಯುವುದು ಬೇಡ, ಇದು ಯಾರನ್ನೂ ಹಿಡಿದುಕೊಡುವ ಕೆಲಸವಲ್ಲ. ಊರಿನ ಹಿರಿಯರನ್ನು ಕೂರಿಸಿಕೊಂಡು, ಈ ಆಕಾಶದಲ್ಲಿ ರಣಹದ್ದುಗಳನ್ನು ಕೊನೆಯ ಬಾರಿ ಯಾವಾಗ ಕಂಡಿರಿ ಎಂದೂ ಕೇಳಿ ಬರೆದುಕೊಳ್ಳಿ. ಎರಡು ಪಟ್ಟಿಗಳನ್ನೂ ಅಕ್ಕಪಕ್ಕ ಇಟ್ಟು ನಿಮ್ಮ ಶಾಲೆಯಲ್ಲಿ ಚರ್ಚಿಸಿ, ನಮಗೂ ಕಳಿಸಿ. ಬಂದ ವರದಿಗಳನ್ನು ಒಟ್ಟುಗೂಡಿಸಿ ಪಶುಪಾಲನಾ ಇಲಾಖೆಯ ಮುಂದಿಡುವ ಹೊಣೆ ಬಳಗದ್ದು.

ಗಂಗೆದ್ದಲಿನಿಂದ ಗಿಡುಗದವರೆಗೆ ನಮ್ಮ ಹಿರಿಯರು ಪ್ರತಿ ಜೀವಿಗೂ ಒಂದೊಂದು ಹೆಸರಿಟ್ಟು ಗುರುತಿಸಿದವರು. ದೀಪಾವಳಿಯ ಗೋಪೂಜೆಯ ದಿನ ದನದ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಕೊರಳಿಗೆ ಹಾರ ಕಟ್ಟಿ, ಕಡುಬು ತಿನ್ನಿಸುವ ಸೀಮೆ ನಮ್ಮದು. ಆ ಪ್ರೀತಿ ಸುಳ್ಳಲ್ಲ. ವರ್ಷದ ಉಳಿದ ದಿನಗಳಲ್ಲಿ ಅದೇ ದನದ ಮೈಗೆ ಏನು ಹೋಗುತ್ತಿದೆ, ಅಲ್ಲಿಂದ ಅದು ಯಾರ ಮೈಗೆ ಹೋಗುತ್ತಿದೆ ಎಂದು ನೋಡುವುದೂ ಆ ಪ್ರೀತಿಗೇ ಸೇರಿದ ಕೆಲಸ. ಈ ಮಳೆಗಾಲ ಹಿಡಿಯುವ ಮೊದಲು ನಿಮ್ಮ ಊರಿನ ಹಾಲಿನ ಸಂಘದ ಸಭೆಯಲ್ಲಿ ಈ ವಿಷಯವನ್ನು ಪ್ರಸ್ತಾಪಿಸಿ, ಆ ಆರು ಹೆಸರುಗಳನ್ನು ಗೋಡೆಗೆ ಬರೆಸಿ. ಅಷ್ಟರಿಂದ ಆರಂಭಿಸೋಣ.